ಎಲೆಗಳು ಎಣಿಸಿದ ಕತ್ತಲೆ

"ಮುಟ್ಟಿ ನೋಡಿ, ತಾಯಿ. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತೆ."

ಮೊಗ್ಗಜ್ಜ ಸೇವಂತಿಗೆ ಗಿಡದ ತುದಿಯನ್ನು ಮೆಲ್ಲಗೆ ಬಗ್ಗಿಸಿ ಹಿಡಿದ. ಇನ್‌ಸ್ಪೆಕ್ಟರ್ ತನ್ನ ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತೋರುಬೆರಳು ಚಾಚಿದಳು. ಎಳೆಯ ಎಲೆಗಳ ನಡುವೆ ಗುಂಡಗೆ, ಗಟ್ಟಿಯಾಗಿ ಏನೋ ತಾಕಿತು. ಸಾಸಿವೆ ಕಾಳಿನಷ್ಟು.

"ಇದು ಮೊಗ್ಗಾ?"

"ಮೊಗ್ಗೇ. ಆದ್ರೆ ಇವತ್ತಿಗೆ ಇಷ್ಟೇ ಇರಬಾರದಿತ್ತು. ಅತ್ತ ನೋಡಿ."

ಅಜ್ಜ ಕೋಣೆಯ ನಡುವಿನ ಕಪ್ಪು ಪರದೆಯನ್ನು ಸರಿಸಿದ. ಆಚೆಗಿದ್ದ ಮೂರು ಸಾಲುಗಳಲ್ಲಿ ಮೊಗ್ಗುಗಳು ಬಿರಿದು ಹಳದಿ ಬಣ್ಣ ಇಣುಕುತ್ತಿತ್ತು. ಈಚೆಗೆ, ಕೋಣೆಯ ಹಿಂದಿನ ಸಾಲಿನಲ್ಲಿ ಇಪ್ಪತ್ತು ಕುಂಡಗಳು, ಇಪ್ಪತ್ತರಲ್ಲೂ ಬರೀ ಹಸಿರು. ಒಂದೇ ದಿನ ನೆಟ್ಟ ಗಿಡಗಳು. ಒಂದೇ ನೀರು, ಒಂದೇ ಗೊಬ್ಬರ.

ಐದು ವಾರದ ಹಿಂದೆ ಇದೇ ಕೋಣೆಯ ನೆಲದ ಮೇಲೆ ಸಂಶೋಧಕಿ ಡಾಕ್ಟರಮ್ಮ ಸತ್ತು ಬಿದ್ದಿದ್ದರು. 'ಒದ್ದೆ ನೆಲದಲ್ಲಿ ಜಾರಿ ತಲೆಗೆ ಪೆಟ್ಟು' ಎಂದು ವರದಿ ಬರೆದವಳು ಇದೇ ಇನ್‌ಸ್ಪೆಕ್ಟರ್.

ಆ ವರದಿ ಇನ್ನೆರಡು ದಿನದಲ್ಲಿ ಮೇಲಧಿಕಾರಿಗಳ ಕೈ ಸೇರಬೇಕಿತ್ತು. ಸೇರಿದರೆ ಕೇಸು ಮುಗಿಯಿತು. ಇವತ್ತು ಬೆಳಿಗ್ಗೆ ಠಾಣೆಗೆ ಅಜ್ಜನ ಫೋನು ಬಂದಿತ್ತು. "ಗಿಡ ನೋಡೋಕೆ ಬನ್ನಿ" ಎಂದಷ್ಟೇ ಹೇಳಿ ಇಟ್ಟಿದ್ದ. ಈ ಸಸ್ಯ ಸಂಶೋಧನಾ ಕೇಂದ್ರದಲ್ಲಿ ನಲವತ್ತು ವರ್ಷ ಮಾಲಿಯಾಗಿದ್ದವನು. ಎಳೆಯ ಕುಡಿ ಮುಟ್ಟಿ, ಅದು ಎಲೆಯಾಗುತ್ತದೋ ಹೂವಾಗುತ್ತದೋ ಹೇಳುತ್ತಾನೆಂದು ಎಲ್ಲರೂ ಇಟ್ಟ ಹೆಸರು ಮೊಗ್ಗಜ್ಜ.

"ಅಜ್ಜ, ನನಗೆ ಗಿಡದ ವಿಷಯದಲ್ಲಿ ಅಆಇಈ ಗೊತ್ತಿಲ್ಲ. ಮನೆಯಲ್ಲಿ ಒಂದು ತುಳಸಿ ಇಟ್ಟಿದ್ದೆ, ಅದೂ ನನ್ನ ಡ್ಯೂಟಿ ನೋಡಿ ಬೇಸತ್ತು ಒಣಗಿ ಹೋಯ್ತು. ಬಿಡಿಸಿ ಹೇಳಿ."

ಅಜ್ಜ ನಕ್ಕ. ಹಲ್ಲಿಲ್ಲದ ನಗು. ಆಮೇಲೆ ಮಗುವಿಗೆ ಪಾಠ ಹೇಳುವಂತೆ ಶುರುಮಾಡಿದ.

"ಸೇವಂತಿಗೆಗೆ ಹೂ ಬಿಡೋಕೆ ಬಿಸಿಲಿಗಿಂತ ಕತ್ತಲೆ ಮುಖ್ಯ, ತಾಯಿ. ರಾತ್ರಿ ಉದ್ದ ಆಗಬೇಕು. ಅದಕ್ಕೇ ಈ ಕೋಣೆ. ಬೆಳಿಗ್ಗೆ ಏಳಕ್ಕೆ ದೀಪ ಹತ್ತುತ್ತೆ, ಸಂಜೆ ಐದಕ್ಕೆ ಆರುತ್ತೆ. ಆಮೇಲೆ ಹದಿನಾಲ್ಕು ಗಂಟೆ ಕಗ್ಗತ್ತಲು. ಎಲೆ ಸುಮ್ಮನೆ ಕೂತಿರಲ್ಲ. ಕತ್ತಲೆ ಎಣಿಸ್ತಾ ಇರುತ್ತೆ."

"ಎಲೆ ಎಣಿಸುತ್ತಾ?"

"ಡಾಕ್ಟರಮ್ಮ ಹಾಗೇ ಹೇಳೋರು. ಎಲೆಯೊಳಗೆ ಒಂದು ಜೀನು ಮಲಗಿರುತ್ತಂತೆ. ಸಾಕಷ್ಟು ಉದ್ದದ ರಾತ್ರಿಗಳು ಸಾಲಾಗಿ ಬಂದ್ರೆ ಅದು ಏಳುತ್ತೆ, ಎದ್ದು ಒಂದು ಹಾರ್ಮೋನು ಮಾಡುತ್ತೆ. ಆ ಹಾರ್ಮೋನು ರಸದ ಜೊತೆ ಕಾಂಡದಲ್ಲಿ ಹರಿದು ತುದಿಗೆ ಹೋಗಿ ಹೇಳುತ್ತೆ, ಎಲೆ ಮಾಡಿದ್ದು ಸಾಕು, ಹೂ ಮಾಡು ಅಂತ. ನಾನೇ ಕಣ್ಣಾರೆ ನೋಡಿದೀನಿ. ಕತ್ತಲೆ ಕಂಡ ಗಿಡದ್ದು ಒಂದೇ ಒಂದು ಎಲೆ ತಂದು, ಕತ್ತಲೆ ಕಾಣದ ಗಿಡಕ್ಕೆ ಕಸಿ ಕಟ್ಟಿದ್ರು ಡಾಕ್ಟರಮ್ಮ. ಆ ಗಿಡಾನೂ ಹೂ ಬಿಡ್ತು!"

"ಸರಿ. ಹಾಗಾದ್ರೆ ಈ ಸಾಲಿಗೆ ಏನಾಯ್ತು?"

"ನಡುರಾತ್ರಿ ಯಾರಾದ್ರೂ ಸ್ವಲ್ಪ ಹೊತ್ತು ದೀಪ ಹಿಡಿದ್ರೆ ಎಲೆಯ ಲೆಕ್ಕ ತಪ್ಪುತ್ತೆ. ಒಂದು ಉದ್ದ ರಾತ್ರಿ ಹೋಗಿ ಎರಡು ಗಿಡ್ಡ ರಾತ್ರಿ ಆಗುತ್ತೆ. ಸಾಲದ್ದಕ್ಕೆ ಎಲೆ ಆಗ ಇನ್ನೊಂದು ಹಾರ್ಮೋನು ಕಳಿಸುತ್ತಂತೆ, ಬೇಡ, ತಡಿ ಅಂತ."

"ಒಂದು ರಾತ್ರಿ ಹಿಡಿದ್ರೆ ಸಾಕಾ?"

"ಒಂದೆರಡು ರಾತ್ರಿಗೆಲ್ಲ ಸೇವಂತಿಗೆ ಜಗ್ಗಲ್ಲ. ದಿನಾ ಹಿಡಿಯಬೇಕು. ವಾರಗಟ್ಟಲೆ."

ಇನ್‌ಸ್ಪೆಕ್ಟರ್ ಪರದೆಯನ್ನು ಎಳೆದು ನೋಡಿದಳು. ದಪ್ಪ ಬಟ್ಟೆ, ನೆಲದವರೆಗೂ ಇತ್ತು. ಇದನ್ನು ಮುಚ್ಚಿಕೊಂಡರೆ ಈಚೆಯ ಬೆಳಕು ಆಚೆ ಹೋಗುವುದಿಲ್ಲ. ಅಂದರೆ ಯಾರೋ ದಿನಾ ರಾತ್ರಿ ಇಲ್ಲಿಗೆ ಬಂದು, ಪರದೆ ಎಳೆದು, ಈ ಇಪ್ಪತ್ತು ಗಿಡಗಳ ಮುಂದೆ ದೀಪ ಹಿಡಿದು ನಿಂತಿದ್ದರು. ಡಾಕ್ಟರಮ್ಮ ಬಿದ್ದಿದ್ದದ್ದು ಸರಿಯಾಗಿ ಈ ಸಾಲಿನ ಬುಡದಲ್ಲಿ.

"ಯಾರು ಬರ್ತಿದ್ರು ಅಂತ ನಿಮಗೆ ಗೊತ್ತಾ ಅಜ್ಜ?"

"ಐದಕ್ಕೆ ಬೀಗ ಹಾಕ್ತೀನಿ, ಏಳಕ್ಕೆ ತೆಗೀತೀನಿ. ನಡುವಿಂದು ಗಿಡಕ್ಕೇ ಗೊತ್ತು."

ಬಾಗಿಲ ಬಳಿ ಯಾರೋ ಗಂಟಲು ಸರಿಪಡಿಸಿಕೊಂಡರು.

ಕೇಂದ್ರದ ನಿರ್ದೇಶಕರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೈಯಲ್ಲಿ ಬೀಸಣಿಗೆಯಂತೆ ಆಡಿಸುತ್ತಿದ್ದ ಫೈಲು. ಅಜ್ಜ ಪರದೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ಇನ್‌ಸ್ಪೆಕ್ಟರ್, ನೀವು ಬಂದಿದ್ದು ಹೇಳಿದ್ರೆ ಕಾಫಿ ತರಿಸ್ತಿದ್ದೆ. ಏನು, ಅಜ್ಜ ತನ್ನ ಪುರಾಣ ಬಿಚ್ಚಿದ್ನಾ?"

"ಈ ಸಾಲು ಯಾಕೆ ಹಿಂದೆ ಬಿದ್ದಿದೆ ಅಂತ ಕೇಳ್ತಿದ್ದೆ ಸರ್."

"ರೋಗ." ನಿರ್ದೇಶಕರು ಗಿಡಗಳ ಕಡೆ ನೋಡಲೂ ಇಲ್ಲ. "ನಾಳೆ ಕಿತ್ತು ಸುಡಿಸ್ತೀನಿ. ಇಲ್ಲಾಂದ್ರೆ ಬೇರೆ ಸಾಲಿಗೂ ಹರಡುತ್ತೆ."

"ರಾತ್ರಿ ಯಾರೋ ದೀಪ ಹಿಡಿದಿರಬಹುದು ಅಂತಾರೆ ಅಜ್ಜ."

ಒಂದು ಕ್ಷಣ, ಒಂದೇ ಕ್ಷಣ, ಅವರ ಕೈಯಲ್ಲಿದ್ದ ಫೈಲು ಅಲುಗಾಡುವುದನ್ನು ನಿಲ್ಲಿಸಿತು.

"ಹಾಗಿದ್ರೆ ಅದು ಡಾಕ್ಟರಮ್ಮನೇ. ತೀರಿಕೊಂಡವರ ಬಗ್ಗೆ ಮಾತಾಡಬಾರದು. ಆದರೂ ಹೇಳ್ತೀನಿ, ಸಂಜೆ ಐದರ ಮೇಲೆ ಇಲ್ಲಿ ಬರಕೂಡದು ಅಂತ ಅವರಿಗೆ ಬರವಣಿಗೆಯಲ್ಲೇ ಆದೇಶ ಕೊಟ್ಟಿದ್ದೆ. ಕೇಳಲಿಲ್ಲ. ಕದ್ದು ಬಂದ್ರು, ಕತ್ತಲಲ್ಲಿ ಜಾರಿದ್ರು. ನಿಮ್ಮ ವರದೀಲೂ ಹಾಗೇ ಇದೆ ಅಲ್ವಾ?"

"ಹೌದು ಸರ್. ಹಾಗೇ ಇದೆ."

ಅವರು ಹೋದರು. ಬೂಟಿನ ಸದ್ದು ಮರೆಯಾಗುವವರೆಗೂ ಇನ್‌ಸ್ಪೆಕ್ಟರ್ ಅಲುಗಾಡಲಿಲ್ಲ. ಆಮೇಲೆ ಇನ್ನೊಮ್ಮೆ ಕುಡಿಯನ್ನು ಮುಟ್ಟಿದಳು.

"ಅಜ್ಜ, ಕತ್ತಲೆ ತಪ್ಪದೆ ಸಿಗೋಕೆ ಶುರುವಾದ ದಿನದಿಂದ ಮೊಗ್ಗು ಇಷ್ಟಾಗೋಕೆ ಎಷ್ಟು ದಿನ ಬೇಕು?"

"ಇಪ್ಪತ್ತು. ಹೆಚ್ಚಂದ್ರೆ ಇಪ್ಪತ್ತೆರಡು."

ಅವಳು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಹಿಂದಕ್ಕೆ ಸರಿಸುತ್ತ ಬಂದಳು. ಒಂದು ವಾರ, ಎರಡು, ಮೂರು. ಬೆರಳು ಅಲ್ಲೇ ನಿಂತಿತು. ದೀಪ ಹಿಡಿಯುವುದು ನಿಂತದ್ದು ಮೂರು ವಾರದ ಹಿಂದೆ. ಡಾಕ್ಟರಮ್ಮ ಸತ್ತದ್ದು ಐದು ವಾರದ ಹಿಂದೆ.

"ಸತ್ತವರು ಎದ್ದು ಬಂದು ಮತ್ತೆರಡು ವಾರ ದೀಪ ಹಿಡಿದ್ರಾ ಅಜ್ಜ?"

ಅಜ್ಜ ಕುಂಡವೊಂದರ ಒಣಗಿದ ಎಲೆ ಕಿತ್ತು ಜೇಬಿಗೆ ಹಾಕಿಕೊಂಡ.

"ಕೋಣೆಗೆ ಬೀಗ ಹಾಕಿ. ನಾನು ವಾಪಸ್ ಬರೋವರೆಗೆ ಕೀಲಿ ಯಾರ ಕೈಗೂ ಕೊಡಬೇಡಿ. ಒಂದು ಗಿಡಾನೂ ಅಲ್ಲಾಡಬಾರದು."

"ನನ್ನ ಹತ್ತಿರಾನೇ ಇರುತ್ತೆ, ತಾಯಿ."

*

ಜೀಪಿನಲ್ಲಿ ಕೂತು ಇನ್‌ಸ್ಪೆಕ್ಟರ್ ಹಳೆಯ ಕಡತ ತೆರೆದಳು. ತಾನೇ ಬರೆದುಕೊಂಡ ಹೇಳಿಕೆಗಳು. ಗೇಟಿನ ಕಾವಲುಗಾರನ ಹೇಳಿಕೆಯ ನಾಲ್ಕನೇ ಸಾಲು ಹೀಗಿತ್ತು: 'ಒಂದೆರಡು ಸಲ ಕತ್ತಲೆ ಕೋಣೆಯ ಗಾಳಿಕಿಂಡಿಯಲ್ಲಿ ಕೆಂಪಗೆ ಏನೋ ಕಂಡಂತಾಯಿತು. ಯಂತ್ರದ ದೀಪವಿರಬೇಕೆಂದುಕೊಂಡೆ.'

ಬರೆದುಕೊಂಡಿದ್ದಳು, ಓದಿ ಸಹಿ ಹಾಕಿಸಿದ್ದಳು. ಒಮ್ಮೆಯೂ ಯೋಚಿಸಿರಲಿಲ್ಲ. ಅಂಗೈಯಲ್ಲಿದ್ದ ಹುಣ್ಣನ್ನು ಕಾಣದೆ ಐದು ವಾರ ಕನ್ನಡಿ ಹುಡುಕಿದಂತಾಯಿತು.

ಕಳ್ಳನಾದವನು ಟಾರ್ಚು ಹಿಡಿಯುತ್ತಾನೆ, ಅದರ ಬೆಳಕು ಬಿಳಿ. ಕತ್ತಲೆಯಲ್ಲಿ ಕೆಂಪು ದೀಪ ಹಚ್ಚಿ ಕೆಲಸ ಮಾಡುವವರು ಯಾರು? ಅಂಥ ದೀಪವೊಂದನ್ನು ಅವಳು ಇತ್ತೀಚೆಗೆ ಎಲ್ಲೋ ನೋಡಿದ್ದಳು. ಒಂದು ಬಾಗಿಲಿನ ಮೇಲೆ, ಮೊಳೆಗೆ ನೇತು ಹಾಕಿದ್ದ ದೀಪ. ಆ ಬಾಗಿಲ ಮುಂದೆ ಕೂತೇ ಡಾಕ್ಟರಮ್ಮನ ಗಂಡನ ಹೇಳಿಕೆ ಬರೆದುಕೊಂಡಿದ್ದಳು.

"ಫೋಟೋ ಸ್ಟುಡಿಯೋಗೆ ನಡೀರಿ" ಎಂದಳು ಮುಖ್ಯ ಪೇದೆಗೆ.

*

ಸ್ಟುಡಿಯೋ ಕೆಳಗೆ, ಮನೆ ಮೇಲೆ. ಗಾಜಿನ ಬಾಗಿಲಿನ ಹಿಂದೆ ಯಾರ್ಯಾರದೋ ಮದುವೆಯ ಫೋಟೋಗಳು ಬಣ್ಣ ಮಾಸಿ ನಿಂತಿದ್ದವು. ಫೋಟೋಗ್ರಾಫರ್, ಡಾಕ್ಟರಮ್ಮನ ಗಂಡ, ಒಂದು ಪುಟ್ಟ ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಎತ್ತಿಸಿ, ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ. ಹುಡುಗಿಯನ್ನೂ ಅವಳ ಅಮ್ಮನನ್ನೂ ಕಳಿಸಿದ ಮೇಲೆ ಇನ್‌ಸ್ಪೆಕ್ಟರ್ ಅದೇ ಸ್ಟೂಲಿನ ಮೇಲೆ ಕೂತಳು.

"ಒಳಗಿನ ಕೋಣೇಲಿ ಈಗಲೂ ಫೋಟೋ ತೊಳೀತೀರಾ?"

"ಇಲ್ಲ ಮೇಡಂ. ಈಗೆಲ್ಲ ಕಂಪ್ಯೂಟರು. ಅಪರೂಪಕ್ಕೆ ಯಾರಾದ್ರೂ ಹಳೇ ರೀಲು ತಂದ್ರೆ ಮಾತ್ರ."

"ಆ ಬಾಗಿಲ ಮೇಲೆ ಒಂದು ಕೆಂಪು ದೀಪ ಇತ್ತು."

ಅವನು ಬಾಗಿಲ ಮೇಲೆ ನೋಡಿದ. ಖಾಲಿ ಮೊಳೆ. "ಕೆಟ್ಟು ಹೋಗಿತ್ತು. ಗುಜರಿಗೆ ಹಾಕಿದೆ."

"ಯಾವಾಗ?"

"ಆಗ್ಲೇ... ಎರಡು ಮೂರು ತಿಂಗಳಾಯ್ತು."

"ಐದು ವಾರದ ಹಿಂದೆ ಆ ಕೆಂಪು ದೀಪ ನಾನೇ ನೋಡಿದೀನಿ."

ಅಷ್ಟರಲ್ಲಿ ಅವನ ತಾಯಿ ನೀರಿನ ಚೊಂಬು ಹಿಡಿದು ಮೆಟ್ಟಿಲು ಇಳಿದು ಬಂದರು. ಕೊನೆಯ ಮಾತಷ್ಟೇ ಅವರ ಕಿವಿಗೆ ಬಿದ್ದಿತ್ತು.

"ಕೆಂಪು ದೀಪಾನಾ? ಮಂಚದ ಕೆಳಗೆ ಇದೆಯಲ್ಲೋ ಮಗಾ. ಅಷ್ಟು ದಿನ ರಾತ್ರಿ ಹೊತ್ತು ಚೀಲಕ್ಕೆ ಹಾಕ್ಕೊಂಡು ಹೋಗ್ತಿದ್ದೆ, ಮರೆತೇಬಿಟ್ಯಾ? ತಗೊಳ್ಳಿ ಅಮ್ಮಾ, ನೀರು ಕುಡೀರಿ. ಅವನಿಗೆ ಸೊಸೆ ಹೋದಾಗಿಂದ ಯಾವುದೂ ನೆನಪಿರಲ್ಲ."

ಮುದುಕಿ ಮಗನ ಮುಖ ನೋಡಿದರು, ಇನ್‌ಸ್ಪೆಕ್ಟರ್ ಮುಖ ನೋಡಿದರು. ತಾನು ಆಡಬಾರದ್ದೇನೋ ಆಡಿದೆ ಎಂದು ಅರ್ಥವಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನೀನು ಮೇಲೆ ಹೋಗಮ್ಮ" ಎಂದ ಮಗ.

ಅವರು ಹೋಗಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತರು.

"ನಿಮ್ಮ ಹೇಳಿಕೇಲಿ, ಆ ಕೇಂದ್ರದ ಒಳಗೆ ಯಾವತ್ತೂ ಕಾಲಿಟ್ಟಿಲ್ಲ ಅಂತ ಇದೆ" ಎಂದಳು ಇನ್‌ಸ್ಪೆಕ್ಟರ್. ಅವಳ ಧ್ವನಿ ಏರಲಿಲ್ಲ. "ಗಿಡಗಳು ಬೇರೆ ಹೇಳ್ತಿವೆ. ಯಾರೋ ವಾರಗಟ್ಟಲೆ ಅವುಗಳ ಮುಂದೆ ದೀಪ ಹಿಡಿದಿದಾರೆ. ನಿಮ್ಮ ಹೆಂಡತಿ ತೀರಿಕೊಂಡ ಮೇಲೂ ಹದಿನೈದು ದಿನ ಹಿಡಿದಿದಾರೆ. ಹೆಂಡತಿ ಸತ್ತು ಬಿದ್ದ ಜಾಗಕ್ಕೆ ಕದ್ದು ಹೋಗೋ ಗಂಡನ ಬಗ್ಗೆ ನಾನು ಏನು ಅಂದ್ಕೋಬೇಕು? ನೀವೇ ಹೇಳಿ."

"ನಾನು ಅವಳನ್ನ ಕೊಂದೆ ಅಂತೀರಾ?"

"ಕೊಲೆ ಅಂತ ನಾನಿನ್ನೂ ಅಂದಿಲ್ಲ. ನೀವೇ ಅಂದ್ರಿ."

ಅವನು ಕ್ಯಾಮೆರಾದ ಮುಚ್ಚಳವನ್ನು ಹಾಕಿದ, ತೆಗೆದ, ಮತ್ತೆ ಹಾಕಿದ.

"ಅವಳೇ ಹೇಳಿದ್ದು ಮೇಡಂ. ಐದು ವಾರ ಬಿಡದೆ ಅಂದ್ಲು. ದಿನಾ ರಾತ್ರಿ ಹನ್ನೆರಡಕ್ಕೆ, ಅರ್ಧ ಗಂಟೆ. ಅವಳಿಗೆ ಒಳಗೆ ಹೋಗೋ ಹಾಗಿರಲಿಲ್ಲ, ಹೋದ್ರೆ ಕೆಲಸ ಹೋಗ್ತಿತ್ತು. ಅಲ್ಲಿನ ದೀಪ ಹಚ್ಚಿದ್ರೆ ಕಂಪ್ಯೂಟರಲ್ಲಿ ದಾಖಲಾಗಿ ನಿರ್ದೇಶಕರಿಗೆ ಗೊತ್ತಾಗುತ್ತೆ ಅಂದ್ಲು. ನನ್ನ ದೀಪ ಕೇಳಿದ್ಲು. ನಾನು ನಕ್ಕೆ. ಕೆಂಪು ಬೆಳಕಿಂದ ಏನೂ ಕೆಡಲ್ಲ ಕಣೆ, ಅದಕ್ಕೇ ಅಲ್ವಾ ನಾವು ಫೋಟೋ ತೊಳೆಯೋವಾಗ ಹಚ್ಚೋದು ಅಂದೆ. ನಿಮ್ಮ ಕಾಗದಕ್ಕೆ ಕೆಂಪು ಕಾಣಲ್ಲ, ನನ್ನ ಎಲೆಗೆ ಕೆಂಪೇ ಎಲ್ಲಕ್ಕಿಂತ ಜೋರಾಗಿ ಕಾಣೋದು ಅಂದ್ಲು."

"ಯಾಕೆ ಬೇಕಿತ್ತು ಈ ಪರೀಕ್ಷೆ?"

"ಆ ಸಾಲಲ್ಲಿರೋದು ನಿರ್ದೇಶಕರ ಹೊಸ ತಳಿ. ಜೀನು ಬದಲಾಯಿಸಿದೀವಿ, ರಾತ್ರಿ ಬೆಳಕಿದ್ರೂ ಹೂ ಬಿಡುತ್ತೆ ಅಂತ ಹೇಳ್ತಾರೆ. ಮುಂದಿನ ತಿಂಗಳು ಬಿಡುಗಡೆ. ಬೀದಿದೀಪದ ಪಕ್ಕ ಹೊಲ ಇರೋರು, ಊರಂಚಿನವರು, ಎಲ್ಲ ಅದನ್ನೇ ನೆಡೋಕೆ ಕಾಯ್ತಿದಾರೆ. ಇವಳಿಗೆ ನಂಬಿಕೆ ಇರಲಿಲ್ಲ. ಮೊದಲೇ ಕತ್ತಲಲ್ಲಿಟ್ಟು, ತುದಿಗೆ ಸುದ್ದಿ ಮುಟ್ಟಿಸಿಬಿಟ್ಟು, ಆಮೇಲೆ ದೀಪದ ಕೆಳಗೆ ತಂದು ತೋರಿಸಿದಾರೆ ಅಂತಿದ್ಲು. ಸುದ್ದಿ ಮುಟ್ಟಿದ ತುದಿ ಹಿಂದೆ ತಿರುಗಲ್ವಂತೆ. ಮೊದಲ ದಿನದಿಂದಲೇ ಬೆಳಕು ಹಿಡಿದು ನೋಡೋಣ, ನಿಜವಾದ ತಳಿ ಆದ್ರೆ ಅರಳುತ್ತೆ, ಸುಳ್ಳಾದ್ರೆ ಇಲ್ಲ. ನಾನು ಬಾಯಿ ಬಿಡೋದು ಬೇಡ, ಗಿಡಾನೇ ಹೇಳಲಿ ಅಂದ್ಲು."

ಗಿಡ ಹೇಳಿಬಿಟ್ಟಿತ್ತು. ಬೆಳಕು ಹಿಡಿದಷ್ಟು ದಿನ ಒಂದು ಮೊಗ್ಗೂ ಇಲ್ಲ. ನಿಲ್ಲಿಸಿದ ಮೇಲಷ್ಟೇ ಸಾಸಿವೆ ಕಾಳು. ಯಾವುದೇ ಸಾಧಾರಣ ಸೇವಂತಿಗೆಯ ಹಾಗೆ. ನಾಳೆ ಕಿತ್ತು ಸುಡಿಸ್ತೀನಿ ಎಂದಿದ್ದ ಆ ಬಿಳಿ ಅಂಗಿ ಇನ್‌ಸ್ಪೆಕ್ಟರ್ ಕಣ್ಣ ಮುಂದೆ ಬಂತು.

"ಅವರು ಹೋದಮೇಲೂ ಯಾಕೆ ಹೋದ್ರಿ?"

ಅವನು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟ. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು.

"ಇನ್ನೇನ್ ಮಾಡ್ಲಿ ಮೇಡಂ? ಹದಿನಾರು ವರ್ಷದಲ್ಲಿ ಅವಳು ತನ್ನ ಕೆಲಸಕ್ಕೆ ನನ್ನ ಸಹಾಯ ಕೇಳಿದ್ದು ಅದೊಂದೇ ಸಲ. ಐದು ವಾರ ಅಂದಿದ್ಲು. ಮೂರಾಗಿತ್ತು. ನೀವು ಬೀಗ ಹಾಕಿದ ಎರಡು ದಿನ ಬಿಟ್ಟು, ಮೂರನೇ ದಿನದಿಂದ ಮತ್ತೆ ಹೋದೆ. ನೆಲ ಒರೆಸಿದ್ರು. ಆದ್ರೂ ಆ ಜಾಗದಲ್ಲಿ ನಾನು ಕಾಲಿಡ್ತಿರಲಿಲ್ಲ. ಬದಿಗೆ ನಿಂತು ಹಿಡೀತಿದ್ದೆ. ದೀಪ ಹಿಡಿದಷ್ಟು ಹೊತ್ತು ಅವಳು ಪಕ್ಕದಲ್ಲಿ ನಿಂತು ಗಡಿಯಾರ ನೋಡ್ತಿದಾಳೆ ಅನ್ನಿಸ್ತಿತ್ತು. ಐದು ವಾರ ಮುಗಿದ ರಾತ್ರಿ ಮನೆಗೆ ಬಂದು ಅತ್ತೆ. ಅದಕ್ಕೂ ಮುಂಚೆ ಒಂದು ಹನಿ ಬಂದಿರಲಿಲ್ಲ."

ಮೆಟ್ಟಿಲ ಮೇಲೆ ಮುದುಕಿ ಮೂಗು ಸೆಳೆದರು. "ನಂಗ್ಯಾಕೆ ಹೇಳಲಿಲ್ಲವೋ? ಯಾವಳ ಮನೆಗೆ ಹೋಗ್ತಿದಾನೋ, ಸೊಸೆ ಬೂದಿ ಆರೋ ಮುಂಚೆ ಅಂತ ನಾನು ದಿನಾ ನಿನ್ನನ್ನ ಶಪಿಸ್ತಾ ಮಲಗ್ತಿದ್ದೆನಲ್ಲೋ!"

ಇನ್‌ಸ್ಪೆಕ್ಟರ್ ಮುಖ ತಿರುಗಿಸಿಕೊಂಡಳು. ಇಪ್ಪತ್ತು ವರ್ಷದ ಕೆಲಸದಲ್ಲಿ ಸುಳ್ಳುಗಾರರ ಅಳುವನ್ನು ಬೇಕಾದಷ್ಟು ಕಂಡವಳು. ಇದು ಅದಲ್ಲ ಎಂದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದಕ್ಕೇ ಮುಂದಿನ ಪ್ರಶ್ನೆ ಕೇಳುವುದು ಕಷ್ಟವಾಯಿತು.

"ಆ ರಾತ್ರಿ ನೀವಿಬ್ಬರೂ ಅಲ್ಲಿದ್ರಾ?"

"ಇಲ್ಲ. ಆ ರಾತ್ರಿ ನಾನು ಹೋಗಲೇ ಇಲ್ಲ. ಬೇರೆ ಊರಲ್ಲಿ ಒಂದು ಮದುವೆಯ ಫೋಟೋ ಇತ್ತು. ಅಲ್ಲಿಂದ ಸೀದಾ ಕೇಂದ್ರಕ್ಕೆ ಹೋಗೋದು ಅಂತಿತ್ತು. ಕೊನೇ ಬಸ್ಸು ತಪ್ಪಿತು. ಅವಳಿಗೆ ಹೇಳಲಿಲ್ಲ ಮೇಡಂ. ಹೇಳಿದ್ರೆ ಒಂದು ರಾತ್ರಿನೂ ತಪ್ಪಬಾರದು ಅಂತ ತಾನೇ ಎದ್ದು ಹೋಗ್ತಾಳೆ, ಸಿಕ್ಕಿಬೀಳ್ತಾಳೆ ಅಂತ."

"ಆದ್ರೆ ಅವರು ಹೋದ್ರು."

"ಹೋದ್ಲು. ನಾನು ಬರಲ್ಲ ಅಂತ ಅವಳಿಗೆ ಹೇಗೆ ಗೊತ್ತಾಯ್ತು, ಇವತ್ತಿನವರೆಗೂ ಅರ್ಥ ಆಗಿಲ್ಲ. ನಾನು ಹೇಳಿದ್ದು ಒಬ್ಬರಿಗೆ ಮಾತ್ರ. ಬಸ್ ಸ್ಟ್ಯಾಂಡಿಂದ ಫೋನ್ ಮಾಡಿ, ಇವತ್ತು ನನಗೋಸ್ಕರ ಕಾಯಬೇಡಿ, ಮಲಗಿ, ಅವಳಿಗೆ ಹೇಳಬೇಡಿ ಅಂದೆ. ಆಗಲಿ ಅಂದ್ರು."

"ಯಾರು?"

ಅವನು ಆಶ್ಚರ್ಯದಿಂದ ತಲೆ ಎತ್ತಿದ. ಇಷ್ಟೆಲ್ಲ ಗೊತ್ತಿರುವವಳಿಗೆ ಇದೊಂದು ಗೊತ್ತಿಲ್ಲವೇ ಎಂಬಂತೆ.

"ಇನ್ಯಾರು ಮೇಡಂ? ಗೊಬ್ಬರದ ಗಾಡಿ ಬರೋ ಹಿಂದಿನ ಗೇಟು ದಿನಾ ನನಗೆ ತೆಗೆದು ಕೊಡ್ತಿದ್ದೋರು. ಕೋಣೆ ಬೀಗ ತೆಗೀತಿದ್ದೋರು. ಮೊಗ್ಗಜ್ಜ."

ಇನ್‌ಸ್ಪೆಕ್ಟರ್ ಸ್ಟೂಲಿನಿಂದ ಎದ್ದಳು. ಐದಕ್ಕೆ ಬೀಗ ಹಾಕ್ತೀನಿ, ಏಳಕ್ಕೆ ತೆಗೀತೀನಿ ಎಂದಿದ್ದ ಮುದುಕ. ಮೊಗ್ಗು ತೋರಿಸಿದವನೂ ಅವನೇ, ಕತ್ತಲೆಯ ಲೆಕ್ಕ ಕಲಿಸಿದವನೂ ಅವನೇ. ಆ ರಾತ್ರಿ ಗಂಡ ಬರುವುದಿಲ್ಲವೆಂದು ಡಾಕ್ಟರಮ್ಮನಿಗೆ ಹೇಳಬಲ್ಲವನೂ ಅವನೊಬ್ಬನೇ. ತನ್ನ ಬಾಯಿಂದ ಬರಲಾರದ್ದನ್ನು ಗಿಡದ ಬಾಯಿಂದ ಹೇಳಿಸಿದನೋ, ಅಥವಾ ಅವಳನ್ನು ಬೇಕೆಂದೇ ಈ ಗಂಡನ ಬಾಗಿಲಿಗೆ ಅಟ್ಟಿದನೋ?

"ನೀವು ಊರು ಬಿಡೋ ಹಾಗಿಲ್ಲ" ಎಂದು ಫೋಟೋಗ್ರಾಫರನಿಗೆ ಹೇಳಿ ಹೊರಗೆ ಬಂದಳು. ಮುಖ್ಯ ಪೇದೆಯನ್ನು ಜೀಪಿನಲ್ಲಿ ಮೊದಲೇ ಕೇಂದ್ರಕ್ಕೆ ಕಳಿಸಿದ್ದಳು, ಕಾವಲುಗಾರನ ಹೇಳಿಕೆ ಮತ್ತೊಮ್ಮೆ ಪಡೆಯಲು. ಅವನ ನಂಬರು ಒತ್ತುವ ಮೊದಲೇ ಅವನದೇ ಫೋನು ಬಂತು.

"ಮೇಡಂ, ಕತ್ತಲೆ ಕೋಣೆ ಬಾಗಿಲು ಹಾರು ಹೊಡೆದಿದೆ. ಹಿಂದಿನ ಸಾಲು ಖಾಲಿ. ಇಪ್ಪತ್ತು ಕುಂಡಾನೂ ಇಲ್ಲ."

"ಬೀಗ ಒಡೆದಿದಾರಾ?"

"ಇಲ್ಲ ಮೇಡಂ, ಕೀಲಿ ಹಾಕಿ ತೆಗೆದಿದಾರೆ. ಕೀಲಿ ಬೀಗದಲ್ಲೇ ಇದೆ."

"ಅಜ್ಜ ಎಲ್ಲಿ?"

"ಅದೇ ಹೇಳೋಕೆ ಫೋನ್ ಮಾಡಿದ್ದು. ನಿರ್ದೇಶಕರ ಕಾರು ಹೋಗಿ ಅರ್ಧ ಗಂಟೆ ಆಯ್ತಂತೆ. ಹಿಂದಿನ ಸೀಟಲ್ಲಿ, ಡಿಕ್ಕಿಯಲ್ಲಿ ತುಂಬ ಕುಂಡ ಇತ್ತಂತೆ. ಕಾವಲುಗಾರ ಗೇಟು ತೆಗೆದಾಗ ಸರಿಯಾಗಿ ನೋಡಿದಾನೆ."

"ಅಜ್ಜನನ್ನ ಬಲವಂತವಾಗಿ ಕೂರಿಸಿಕೊಂಡು ಹೋದ್ರಾ?"

ಮುಖ್ಯ ಪೇದೆ ತಡವರಿಸಿದ.

"ಹಾಗೆ ಕಾಣಲಿಲ್ಲವಂತೆ ಮೇಡಂ. ಕಾರು ಓಡಿಸ್ತಿದ್ದೋನೇ ಅಜ್ಜ. ನಿರ್ದೇಶಕರು ಪಕ್ಕದ ಸೀಟಲ್ಲಿ ತಲೆ ವಾಲಿಸಿ ಮಲಗಿದ್ರಂತೆ. ಸಾಹೇಬ್ರಿಗೆ ಹುಷಾರಿಲ್ಲ, ಎಬ್ಬಿಸಬೇಡ ಅಂದನಂತೆ ಅಜ್ಜ."